ಒಂದೇ ನಾಯಿ ಒಂಬತ್ತು ಜನರನ್ನು ಕಚ್ಚಿದೆ, ಈಗೇನು?

ಪ್ರಶ್ನೆ: ನಮ್ಮದು ಸುಮಾರು ಮೂವತ್ತು ಸಾವಿರ ಜನ ಇರುವ ತಾಲ್ಲೂಕು ಕೇಂದ್ರ. ಮೊನ್ನೆ ಸೋಮವಾರ ಬೆಳಿಗ್ಗೆ ಒಂದು ನಾಯಿ ಸಂತೆ ಮೈದಾನದಿಂದ ಬಸ್ ಸ್ಟ್ಯಾಂಡ್ ತನಕ ಓಡುತ್ತಾ ಒಂಬತ್ತು ಜನರನ್ನು ಕಚ್ಚಿತು. ಪಕ್ಕದ ಮನೆಯವರ ಹಸುವಿಗೂ ಕಚ್ಚಿದೆ. ಜನ ಅದನ್ನು ಹೊಡೆದು ಕೊಂದು ಕೆರೆ ಹಿಂದೆ ಹೂತುಬಿಟ್ಟರು. ಕಚ್ಚಿಸಿಕೊಂಡ ಎಲ್ಲರಿಗೂ ಅವತ್ತೇ ಇಂಜೆಕ್ಷನ್ ಆಗಿದೆ. ನಮ್ಮಣ್ಣನ ಮಗನಿಗೆ ಆರು ವರ್ಷ, ಕೆನ್ನೆಗೆ ಕಚ್ಚಿದೆ. ಸೀರಂ ಇಲ್ಲ, ಲಸಿಕೆ ಸಾಕು ಅಂದರು. ನಾಯಿಗೆ ಹುಚ್ಚು ಹಿಡಿದಿತ್ತಾ ಅಂತ ಈಗ ತಿಳಿಯೋದು ಹೇಗೆ ಸಾರ್? ಆ ಹಸುವಿನ ಹಾಲನ್ನು ನಾವೂ ಕುಡಿದಿದ್ದೇವೆ. ಆಸ್ಪತ್ರೆಗೆ ತಿಂಗಳಿಗೆ ಮೂವತ್ತು ನಾಯಿ ಕಡಿತದ ಕೇಸ್ ಬರುತ್ತವಂತೆ. ಹಾಗಾದರೆ ಊರಿಗೆಲ್ಲಾ ರೇಬೀಸ್ ಹರಡಿದೆಯಾ?

ಉತ್ತರ: ಮೊದಲು ಆ ಹುಡುಗನ ವಿಷಯ. ಉಳಿದದ್ದು ಆಮೇಲೆ.

ಅವನಿಗೆ ಬರೀ ಲಸಿಕೆ ಸಾಲದು. ಕೆನ್ನೆಗೆ ಹಲ್ಲು ಇಳಿದಿದೆ ಅಂದರೆ ಅದು ಮೂರನೇ ದರ್ಜೆಯ ಗಾಯ. ರಕ್ತ ಬರುವಂತೆ ಕಚ್ಚಿದ್ದು, ಪರಚಿದ್ದು, ತೆರೆದ ಗಾಯವನ್ನು ನೆಕ್ಕಿದ್ದು, ಕಣ್ಣು ಬಾಯಿಗೆ ಜೊಲ್ಲು ಸಿಡಿದಿದ್ದು ಎಲ್ಲಾ ಈ ದರ್ಜೆಗೇ ಸೇರುತ್ತವೆ. ಇಂಥವರಿಗೆ ಲಸಿಕೆಯ ಜೊತೆ ಗಾಯದೊಳಗೇ ಸೀರಂ ಹಾಕಬೇಕು. ಲಸಿಕೆ ಹಾಕಿದ ಮೇಲೆ ದೇಹ ತನ್ನ ರಕ್ಷಣೆಯನ್ನು ತಾನೇ ಕಟ್ಟಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ವೈರಸ್ ಅಲ್ಲಿಯತನಕ ಕಾಯುವುದಿಲ್ಲ. ಅದು ಗಾಯದಿಂದ ನರದೊಳಕ್ಕೆ ಹೊಕ್ಕು ಮಿದುಳಿನ ಕಡೆ ಹೋಗುತ್ತದೆ. ಕಾಲಿನ ಮೀನಖಂಡಕ್ಕೆ ಕಚ್ಚಿದರೆ ದಾರಿ ಉದ್ದ. ಕೆನ್ನೆಗೆ ಕಚ್ಚಿದರೆ ದಾರಿ ತುಂಬಾ ಚಿಕ್ಕದು. ಈ ಮಧ್ಯದ ದಿನಗಳನ್ನು ಕಾಯುವುದು ಸೀರಂ. ಅದು ಸಿದ್ಧವಾಗಿರುವ ರಕ್ಷಣೆ, ವೈರಸ್ಸನ್ನು ಗಾಯದಲ್ಲೇ ಹಿಡಿದು ನಿಲ್ಲಿಸುತ್ತದೆ.

ಸಮಯ ಇನ್ನೂ ಇದೆ. ಮೊದಲ ಲಸಿಕೆ ಬಿದ್ದ ದಿನದಿಂದ ಏಳನೇ ದಿನದವರೆಗೆ ಸೀರಂ ಕೊಡಬಹುದು. ಸೋಮವಾರ ಲಸಿಕೆ ಆಗಿದ್ದರೆ ಮುಂದಿನ ಸೋಮವಾರವೇ ಕೊನೆ. ಆದರೆ ಕೊನೆಯ ದಿನ ಇದೆ ಅಂತ ಕಾಯಬೇಡಿ, ಇವತ್ತೇ ಹೊರಡಿ. ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಮೊದಲೇ ಫೋನ್ ಮಾಡಿ, ಸೀರಂ ಸ್ಟಾಕ್ ಇದೆಯಾ ಅಂತ ಕೇಳಿಕೊಂಡು ಹೋಗಿ. ಹೋಗುವಾಗ ಲಸಿಕೆಯ ಚೀಟಿ ಮರೆಯಬೇಡಿ.

ಲೆಕ್ಕ ನಿಮಗೂ ಗೊತ್ತಿರಲಿ. ಕುದುರೆಯಿಂದ ತಯಾರಾದ ಸೀರಂ ಆದರೆ ಕಿಲೋ ತೂಕಕ್ಕೆ 40 ಯೂನಿಟ್. ಮನುಷ್ಯರ ರಕ್ತದಿಂದ ತಯಾರಾದದ್ದು ಆದರೆ 20. ಹುಡುಗ 20 ಕಿಲೋ ಇದ್ದಾನೆ ಅಂದುಕೊಳ್ಳಿ, ಕುದುರೆ ಸೀರಂ 800 ಯೂನಿಟ್ ಬೇಕು. ಒಂದು ಮಿಲಿಯಲ್ಲಿ 300 ಯೂನಿಟ್ ಇರುವ ಬಾಟಲಿಯಾದರೆ ಮೂರು ಮಿಲಿಯೂ ಆಗುವುದಿಲ್ಲ. ಇದು ಸೊಂಟಕ್ಕೆ ಚುಚ್ಚುವ ಔಷಧಿ ಅಲ್ಲ, ಹಲ್ಲು ಇಳಿದ ಪ್ರತಿಯೊಂದು ಜಾಗಕ್ಕೂ ಹೋಗಬೇಕು. ಆರು ವರ್ಷದ ಮಗುವಿನ ಕೆನ್ನೆಗೆ ಸೂಜಿ ಹಾಕುವಾಗ ಮಗು ಕಿರುಚುತ್ತದೆ, ಅಮ್ಮ ಅಳುತ್ತಾರೆ, ವೈದ್ಯರಿಗೂ ಕೈ ಬರುವುದಿಲ್ಲ. ಆದರೂ ಹಾಕಬೇಕು. ಸೀರಂ ಬದಲು ಈಗ ಮೊನೋಕ್ಲೋನಲ್ ಆ್ಯಂಟಿಬಾಡಿ ಅನ್ನುವ ಔಷಧಿಯೂ ನಮ್ಮ ದೇಶದಲ್ಲಿ ಸಿಗುತ್ತದೆ. ಅದು ಸಿಕ್ಕರೆ ಅದೂ ಆಗುತ್ತದೆ. ಮುಖದ ಗಾಯ ಅಂತ ಯಾರಾದರೂ ಹೊಲಿಗೆ ಹಾಕಲು ಹೊರಟರೆ ತಡೆಯಿರಿ. ಹೊಲಿಗೆ ಬೇಕೇ ಬೇಕು ಅನ್ನುವಂತಿದ್ದರೆ ಸೀರಂ ಹಾಕಿದ ಮೇಲೆ, ಅದೂ ಸಡಿಲವಾಗಿ.

ಉಳಿದ ಎಂಟು ಜನರಲ್ಲಿ ರಕ್ತ ಬಂದವರಿಗೆಲ್ಲಾ ಇದೇ ಮಾತು. ರಕ್ತ ಬರದೆ ಮೇಲ್ಮೇಲೆ ತರಚಿದವರಿಗೆ ಲಸಿಕೆ ಸಾಕು. ಪ್ಯಾಂಟಿನ ಮೇಲೆ ಕಚ್ಚಿದೆ, ಏನೂ ಆಗಿಲ್ಲ ಅನ್ನುವವರು ಒಮ್ಮೆ ಬೆಳಕಿನಲ್ಲಿ ಚರ್ಮ ನೋಡಿಕೊಳ್ಳಲಿ. ಬಟ್ಟೆ ಹರಿಯದೆಯೂ ಹಲ್ಲು ತಾಗಿರುತ್ತದೆ.

ನೀವು ಕೇಳದೇ ಇರುವ ಇನ್ನೊಂದು ಗುಂಪು ಇದೆ. ಆ ನಾಯಿಯನ್ನು ಹೊಡೆದವರು, ಎಳೆದುಕೊಂಡು ಹೋಗಿ ಹೂತವರು. ಬರಿಗೈಯಲ್ಲಿ ಬಾಯಿಯ ಹತ್ತಿರ ಹಿಡಿದಿದ್ದರಾ? ಕೈಯಲ್ಲಿ ಬಿರುಕು, ಕುಡುಗೋಲಿನ ಗಾಯ ಇತ್ತಾ? ತಲೆಗೆ ಹೊಡೆದಾಗ ಮುಖಕ್ಕೇನಾದರೂ ಸಿಡಿಯಿತಾ? ವೈರಸ್ ಇರುವುದು ಜೊಲ್ಲಿನಲ್ಲಿ, ಮಿದುಳಿನಲ್ಲಿ, ನರದಲ್ಲಿ. ಹೀಗೆ ತಾಗಿಸಿಕೊಂಡವರ ಹೆಸರು ಆಸ್ಪತ್ರೆಯ ಪುಸ್ತಕದಲ್ಲಿ ಇರುವುದೇ ಇಲ್ಲ, ಏಕೆಂದರೆ ಅವರಿಗೆ ನಾಯಿ ಕಚ್ಚಿಲ್ಲ. ಅವರನ್ನು ಹುಡುಕಿ ಕೇಳಿ.

ಈಗ ನಾಯಿಯ ವಿಷಯ. ಹುಚ್ಚು ಇತ್ತಾ ಅಂತ ಖಚಿತವಾಗಿ ಹೇಳುವುದು ಮಿದುಳಿನ ಪರೀಕ್ಷೆ ಮಾತ್ರ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ಪ್ರಯೋಗಾಲಯ ಇದೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಮಾನ್ಯತೆ ಪಡೆದದ್ದು. ಅವತ್ತೇ ಪಶು ಆಸ್ಪತ್ರೆಗೆ ತಿಳಿಸಿದ್ದರೆ, ಅವರು ತಲೆಯ ಮಾದರಿ ತೆಗೆದು ಐಸ್‌ನಲ್ಲಿಟ್ಟು ಕಳಿಸಬಹುದಿತ್ತು. ಹೂತ ಮೇಲೆ ಮಿದುಳು ಬೇಗ ಕೊಳೆಯುತ್ತದೆ. ಪಶುವೈದ್ಯರನ್ನು ಒಮ್ಮೆ ಕೇಳಿ ನೋಡಿ, ಆದರೆ ನೀವೇ ಅಗೆಯಲು ಹೋಗಬೇಡಿ. ವರದಿ ಬರಲಿ ಅಂತ ಇಂಜೆಕ್ಷನ್ ನಿಲ್ಲಿಸಲೂಬೇಡಿ.

ವರದಿ ಇಲ್ಲದಿದ್ದರೂ, ಕಚ್ಚಿದ ರೀತಿಯೇ ತುಂಬಾ ಹೇಳುತ್ತದೆ. ಸಿಟ್ಟಿಗೆದ್ದ ನಾಯಿಗೆ ಒಂದು ಕಾರಣ ಇರುತ್ತದೆ, ಒಂದು ಜಾಗ ಇರುತ್ತದೆ. ಅದು ತನ್ನ ಬೀದಿ ಬಿಟ್ಟು ಬರುವುದಿಲ್ಲ. ಒಬ್ಬರಿಗೆ ಬಾಯಿ ಹಾಕಿ ಹಿಂದೆ ಸರಿಯುತ್ತದೆ. ನಿಮ್ಮ ನಾಯಿ ಹಾಗೆ ಮಾಡಲಿಲ್ಲ. ಒಂದು ದಾರಿ ಹಿಡಿದು ಓಡಿತು. ಎದುರಿಗೆ ಸಿಕ್ಕವರನ್ನೆಲ್ಲಾ ಕಚ್ಚಿತು. ಕಟ್ಟಿಹಾಕಿದ್ದ, ತನ್ನ ಪಾಡಿಗೆ ಮೆಲುಕು ಹಾಕುತ್ತಿದ್ದ ಹಸುವನ್ನೂ ಬಿಡಲಿಲ್ಲ. ಕೆಣಕದೆ, ಬೇರೆ ಬೇರೆ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಹಲವರನ್ನು ಕಚ್ಚಿದರೆ ರೇಬೀಸ್ ಅಂತಲೇ ತಿಳಿದು ನಡೆಯಬೇಕು. ಆ ದಾರಿಯ ಅಂಗಡಿಯವರನ್ನು ವಿಚಾರಿಸಿ. ಕಲ್ಲು, ಕೋಲು, ಕಬ್ಬಿಣದ ಗೇಟು ಕಚ್ಚುತ್ತಿತ್ತಾ? ಬೊಗಳುವ ದನಿ ಒಡೆದಿತ್ತಾ? ಅದು ಆ ಬೀದಿಯ ನಾಯಿಯಾ, ಯಾರೂ ನೋಡಿರದ ನಾಯಿಯಾ? ಇದನ್ನೆಲ್ಲಾ ಕೇಳುವುದು ಇಂಜೆಕ್ಷನ್ ಬೇಕೋ ಬೇಡವೋ ಅಂತ ತೀರ್ಮಾನಿಸಲು ಅಲ್ಲ, ಅದಂತೂ ಬೇಕೇ ಬೇಕು. ಆ ನಾಯಿ ಎಲ್ಲಿಂದ ಬಂತು, ಬರುವ ದಾರಿಯಲ್ಲಿ ಇನ್ನಾರನ್ನು ಕಚ್ಚಿ ಬಂತು ಅಂತ ತಿಳಿಯಲು. ನಿಮ್ಮ ಒಂಬತ್ತು ಜನರ ಪಟ್ಟಿ ಸಂತೆ ಮೈದಾನದಿಂದ ಶುರುವಾಗುತ್ತದೆ. ನಾಯಿಯ ಓಟ ಅಲ್ಲಿಂದಲೇ ಶುರುವಾಗಿರಲಿಕ್ಕಿಲ್ಲ.

ಓಡಾಡಿ ಕಚ್ಚುವುದು ಈ ರೋಗದ ಒಂದು ರೂಪ ಅಷ್ಟೆ. ಇನ್ನೊಂದು ರೂಪದಲ್ಲಿ ನಾಯಿ ಮಂಕಾಗಿ ಮೂಲೆ ಸೇರುತ್ತದೆ. ದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲಾಗುವುದಿಲ್ಲ. ಪಾಪ, ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಅಂತ ಮನೆಯವರು ಬಾಯೊಳಗೆ ಕೈ ಹಾಕುತ್ತಾರೆ. ಕಚ್ಚಲೇ ಇಲ್ಲವಲ್ಲ ಅಂತ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ನನಗೆ ಬೀದಿಯಲ್ಲಿ ಓಡುವ ಹುಚ್ಚುನಾಯಿಗಿಂತ ಈ ಮಂಕು ನಾಯಿಯ ಭಯ ಜಾಸ್ತಿ.

ಹಸುವಿಗೂ ಇದೇ ಮಾತು ಅನ್ವಯಿಸುತ್ತದೆ. ಕಚ್ಚಿದ ಜಾಗವನ್ನು ಸೋಪು ನೀರಲ್ಲಿ ಚೆನ್ನಾಗಿ ತೊಳೆಸಿ. ತೊಳೆಯುವವರು ಕೈಗೆ ಗ್ಲೌಸ್ ಹಾಕಿಕೊಳ್ಳಲಿ. ಪಶುವೈದ್ಯರು ಕಚ್ಚಿದ ಮೇಲೂ ದನಕ್ಕೆ ಲಸಿಕೆಯ ಸರಣಿ ಕೊಡುತ್ತಾರೆ, ಬೇಗ ಕೇಳಿ. ಮುಂದಿನ ಕೆಲವು ತಿಂಗಳು ಅದರ ಮೇಲೆ ಕಣ್ಣಿರಲಿ. ಮೇವು ಬಿಡುವುದು, ದನಿ ಬದಲಾಗಿ ಒಂದೇ ಸಮನೆ ಕೂಗುವುದು, ಜೊಲ್ಲು, ಸುಮ್ಮಸುಮ್ಮನೆ ತಿಣುಕುವುದು, ಹಿಂಗಾಲು ಎಳೆಯುವುದು ಕಂಡರೆ ತಕ್ಷಣ ಪಶುವೈದ್ಯರಿಗೆ ಹೇಳಿ. ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಬೇಡಿ. ಗೊಟ್ಟದಲ್ಲಿ ಔಷಧಿ ಕುಡಿಸಲೂ ಹೋಗಬೇಡಿ.

ಹಾಲಿನ ಬಗ್ಗೆ ಹೆದರಬೇಡಿ. ಕಚ್ಚಿ ಎರಡು ದಿನ ಆಗಿದೆ ಅಷ್ಟೆ, ಹಸುವಿಗೆ ಇನ್ನೂ ರೋಗವೇ ಬಂದಿಲ್ಲ. ಕುದಿಸಿದ ಹಾಲಿನಲ್ಲಿ ಈ ವೈರಸ್ ಉಳಿಯುವುದೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಇದೊಂದು ಹಳೆಯ ಕಥೆ. ಹಸು ಹುಚ್ಚು ಹಿಡಿದು ಸತ್ತಿತು ಅಂತ ಗೊತ್ತಾದರೆ ಸಾಕು, ಅದರ ಹಾಲು, ಮಜ್ಜಿಗೆ, ಪಂಚಾಮೃತ ಸೇವಿಸಿದವರೆಲ್ಲಾ ಆರೋಗ್ಯ ಕೇಂದ್ರದ ಮುಂದೆ ಸಾಲು ನಿಲ್ಲುತ್ತಾರೆ. ಇದ್ದ ಲಸಿಕೆಯೆಲ್ಲಾ ಅವರಿಗೇ ಖರ್ಚಾಗುತ್ತದೆ. ನಿಜವಾಗಿ ಬೇಕಾದದ್ದು ಆ ಹಸುವಿನ ಬಾಯಿಗೆ ಕೈ ಹಾಕಿದ ಯಜಮಾನನಿಗೆ. ಕಾಯಿಸದ ಹಸಿ ಹಾಲನ್ನು ಮಾತ್ರ ಕುಡಿಯಬೇಡಿ, ಅದಕ್ಕೆ ರೇಬೀಸ್ ಬಿಟ್ಟು ಬೇರೆ ಕಾರಣಗಳೂ ಇವೆ.

ಇನ್ನು ತಿಂಗಳಿಗೆ ಮೂವತ್ತು ಕಡಿತ, ಊರಿಗೆಲ್ಲಾ ರೇಬೀಸಾ ಅನ್ನುವ ಪ್ರಶ್ನೆ. ಇಲ್ಲಿ ಎರಡು ಲೆಕ್ಕಗಳು ಬೆರೆತುಹೋಗಿವೆ. ಕಡಿತ ಎಷ್ಟು ಅನ್ನುವುದು ಒಂದು, ರೇಬೀಸ್ ಅಪಾಯ ಎಷ್ಟು ಅನ್ನುವುದು ಇನ್ನೊಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022-23ರಲ್ಲಿ 15 ರಾಜ್ಯಗಳ 60 ಜಿಲ್ಲೆಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿಸಿತು. ಅದರ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತಗಳು, ಅದರಲ್ಲಿ ನಾಲ್ಕನೇ ಮೂರು ಭಾಗ ನಾಯಿಯದು. ರೇಬೀಸ್‌ನಿಂದ ಸಾವು ಸುಮಾರು 5,700. ಅಂದರೆ ಸುಮಾರು 1,600 ಕಡಿತಕ್ಕೆ ಒಂದು ಸಾವು. ಕಚ್ಚುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ರೋಗ ಇಲ್ಲ ಅನ್ನುವುದು ಒಂದು ಕಾರಣ, ಜನ ಲಸಿಕೆ ಹಾಕಿಸಿಕೊಳ್ಳುತ್ತಾರೆ ಅನ್ನುವುದು ಇನ್ನೊಂದು. ಅದೇ ಸಮೀಕ್ಷೆಯಲ್ಲಿ ನಾಯಿ ಕಚ್ಚಿಸಿಕೊಂಡ ಐವರಲ್ಲಿ ಒಬ್ಬರು ಒಂದು ಡೋಸ್ ಲಸಿಕೆಯನ್ನೂ ಹಾಕಿಸಿಕೊಂಡಿರಲಿಲ್ಲ. ಸಾವಿನ ಭಯ ಇರುವುದು ಅಲ್ಲಿ.

ಅದೇ ಲೆಕ್ಕದಲ್ಲಿ ಸಾವಿರ ಜನರಿಗೆ ವರ್ಷಕ್ಕೆ ಆರೇಳು ಕಡಿತ. ಮೂವತ್ತು ಸಾವಿರದ ಊರಿಗೆ ವರ್ಷಕ್ಕೆ ಇನ್ನೂರರ ಹತ್ತಿರ, ತಿಂಗಳಿಗೆ ಹದಿನಾರು ಹದಿನೇಳು. ನಿಮ್ಮಲ್ಲಿ ಮೂವತ್ತು. ಜಾಸ್ತಿ ಅನ್ನಿಸುತ್ತದೆ ಅಲ್ವಾ? ಆದರೆ ತಾಲ್ಲೂಕು ಆಸ್ಪತ್ರೆಗೆ ಸುತ್ತಲಿನ ಹಳ್ಳಿಯವರೂ ಬರುತ್ತಾರೆ. ಹಾಗಾಗಿ ಮೂವತ್ತನ್ನು ನಿಮ್ಮ ಊರಿನ ಜನಸಂಖ್ಯೆಯಿಂದ ಮಾತ್ರ ಭಾಗಿಸಿದರೆ ತಪ್ಪಾಗುತ್ತದೆ. ಇನ್ನೂ ಒಂದು ಇದೆ. ಲಸಿಕೆ ಸರಿಯಾಗಿ ಸಿಗುತ್ತದೆ ಅಂತ ಗೊತ್ತಾದ ಆಸ್ಪತ್ರೆಗೆ ಜನ ಜಾಸ್ತಿ ಬರುತ್ತಾರೆ, ಅಲ್ಲಿ ಕಡಿತದ ಸಂಖ್ಯೆ ಏರುತ್ತದೆ. ಸ್ಟಾಕ್ ಇಲ್ಲದ ಕಡೆ ಸಂಖ್ಯೆ ಇಳಿಯುತ್ತದೆ. ಪೇಪರಿನಲ್ಲಿ ‘ನಾಯಿ ಕಡಿತ ದುಪ್ಪಟ್ಟು’ ಅಂತ ಓದಿದಾಗ ನಾನು ಮೊದಲು ಕೇಳುವುದು, ಲಸಿಕೆ ಪೂರೈಕೆ ಎಷ್ಟು ಹೆಚ್ಚಾಯಿತು ಅಂತ.

ಹಾಗಾದರೆ ಆಸ್ಪತ್ರೆಯ ಪುಸ್ತಕದಲ್ಲಿ ನೋಡಬೇಕಾದ್ದು ಏನು? ಯಾವ ನಾಯಿ, ಎಲ್ಲಿ, ಯಾರಿಗೆ, ಕೆಣಕಿದ್ದರಾ, ಹತ್ತು ದಿನದ ಮೇಲೆ ಆ ನಾಯಿ ಬದುಕಿದೆಯಾ. ಈ ಕೊನೆಯದಕ್ಕೆ ಹೆಚ್ಚು ಕಡೆ ಕಾಲಂ ಇದ್ದರೂ ಖಾಲಿ. ಬೆಲೆ ಇರುವುದು ಅದಕ್ಕೇ. ನಾಯಿ ಅಥವಾ ಬೆಕ್ಕಿನ ಜೊಲ್ಲಿನಲ್ಲಿ ವೈರಸ್ ಬಂದಿದ್ದರೆ ಅದು ಹತ್ತು ದಿನದೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. ಹತ್ತು ದಿನ ಕಳೆದೂ ಗಟ್ಟಿಮುಟ್ಟಾಗಿ ತಿಂದುಕೊಂಡಿದ್ದರೆ, ಕಚ್ಚಿದ ದಿನ ಅದರಲ್ಲಿ ರೇಬೀಸ್ ಇರಲಿಲ್ಲ. ಇಂಜೆಕ್ಷನ್ ಮಾತ್ರ ಮೊದಲ ದಿನವೇ ಶುರುವಾಗಬೇಕು. ಹತ್ತು ದಿನ ನೋಡೋಣ, ಆಮೇಲೆ ಹಾಕಿಸೋಣ ಅನ್ನುವ ಮಾತು ಇಲ್ಲ. ನಾಯಿಯನ್ನು ಕೊಂದುಬಿಟ್ಟರೆ ಈ ಹತ್ತು ದಿನದ ಸುಳಿವು ಕೈತಪ್ಪುತ್ತದೆ. ಮಂಗ, ಮುಂಗುಸಿ, ನರಿಗೆ ಈ ಹತ್ತು ದಿನದ ಲೆಕ್ಕ ನಡೆಯುವುದಿಲ್ಲ. ಅವು ಕಚ್ಚಿದರೆ ಪೂರ್ತಿ ಕೋರ್ಸ್. ಮನೆಯ ಇಲಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹಲ್ಲಿ, ಹಾವಿಗೆ ರೇಬೀಸ್ ಬರುವುದೇ ಇಲ್ಲ.

ಕಡಿತಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಆಗುತ್ತಿದ್ದರೆ ಅದರ ಕಥೆ ಬೇರೆ. ಕೋಳಿ ಅಂಗಡಿಯ ಹಿಂದೆ, ಕಲ್ಯಾಣ ಮಂಟಪದ ಎಲೆ ಎಸೆಯುವ ಕಡೆ, ರಾತ್ರಿ ಬೈಕಿನವರಿಗೆ ಒಂದೇ ತಿರುವಿನಲ್ಲಿ. ಇದು ರೇಬೀಸಿನ ನಕ್ಷೆ ಅಲ್ಲ, ಕಸದ ನಕ್ಷೆ. ಇನ್ನೊಂದು, ಮರಿ ಹಾಕಿದ ತಾಯಿ. ಭಾದ್ರಪದ ನಾಯಿಗಳು ಕೂಡುವ ಕಾಲ, ಅದರ ಬಗ್ಗೆ ನಮ್ಮಲ್ಲಿ ಗಾದೆಯಂಥ ಮಾತೇ ಇದೆ. ಎರಡು ತಿಂಗಳು ಕಳೆದರೆ ಕಾರ್ತಿಕ. ಅಷ್ಟೊತ್ತಿಗೆ ಮೋರಿಯ ಪೈಪಿನೊಳಗೆ, ಶಾಲೆಯ ಕಾಂಪೌಂಡಿನ ಸಂದಿಯಲ್ಲಿ ಮರಿಗಳು. ಆ ದಾರಿಯಲ್ಲಿ ಹೋದ ಮಕ್ಕಳಿಗೆ ಕಡಿತ. ಜೈಪುರದಲ್ಲಿ ವರ್ಷಗಟ್ಟಲೆ ಬೀದಿನಾಯಿಗಳಿಗೆ ಸಂತಾನಹರಣ ಮಾಡಿದ ಮೇಲೆ ಊರಿನ ಕಡಿತದ ಪ್ರಕರಣಗಳು ಇಳಿದದ್ದನ್ನು ದಾಖಲಿಸಿದ್ದಾರೆ. ಮರಿ ಕಾಯುವ ತಾಯಿಗಳೇ ಕಡಿಮೆಯಾದವು ಅನ್ನುವುದು ಅದಕ್ಕೆ ಕೊಟ್ಟ ವಿವರಣೆ.

ಮಕ್ಕಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಜಗತ್ತಿನಲ್ಲಿ ರೇಬೀಸಿನಿಂದ ಸಾಯುವವರಲ್ಲಿ ನೂರಕ್ಕೆ ನಲವತ್ತು ಜನ ಹದಿನೈದು ವರ್ಷದ ಒಳಗಿನವರು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರಿಗೆ ಕಚ್ಚುವುದು ಕಾಲಿಗೆ. ಮಗುವಿನ ಮುಖ ಮಾತ್ರ ನಾಯಿಯ ಬಾಯಿಯ ಎತ್ತರದಲ್ಲೇ ಇರುತ್ತದೆ. ಮೇಲಾಗಿ ಮಕ್ಕಳು ಹೇಳುವುದಿಲ್ಲ. ಬೈತಾರೆ, ಸೂಜಿ ಹಾಕಿಸ್ತಾರೆ ಅಂತ ಮುಚ್ಚಿಡುತ್ತಾರೆ. ಓಪಿಡಿಯಲ್ಲಿ ಮಗುವನ್ನು ‘ನಾಯಿ ಕಚ್ಚಿತಾ’ ಅಂತ ಕೇಳಿದರೆ ಇಲ್ಲ ಅಂತ ತಲೆ ಅಲ್ಲಾಡಿಸುತ್ತದೆ. ‘ನಿಮ್ಮ ಬೀದೀಲಿ ಮರಿ ಇತ್ತಲ್ಲ, ಅದೇನಾಯ್ತು ಪುಟ್ಟಾ’ ಅಂತ ಕೇಳಿ ನೋಡಿ. ‘ಸತ್ತೋಯ್ತು’ ಅನ್ನುತ್ತದೆ. ಯಾವಾಗ? ಹೋದ ವಾರ. ನೀನು ಎತ್ಕೊಂಡಿದ್ಯಾ? ಆಗ ಅಂಗೈ ತೋರಿಸುತ್ತದೆ, ಮೊಳೆ ತಾಗಿದಷ್ಟು ಸಣ್ಣ ಗುರುತು. ಮರಿಯಲ್ವಾ, ಹಲ್ಲೇ ಇಲ್ಲ, ಏನಾಗುತ್ತೆ ಅನ್ನುವುದು ಮನೆಯವರ ಮಾತು. ಲಸಿಕೆ ಕಾಣದ ಮರಿಗೂ ರೇಬೀಸ್ ಬರುತ್ತದೆ. ಕಚ್ಚಿದ ಮರಿ ಕೆಲವು ದಿನದಲ್ಲಿ ಸತ್ತರೆ ಅದು ದೊಡ್ಡ ಎಚ್ಚರಿಕೆ. ಕಚ್ಚಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಒಂದು ವಾರಕ್ಕೂ ಬರಬಹುದು, ಒಂದು ವರ್ಷಕ್ಕೂ ಬರಬಹುದು. ಹಾಗಾಗಿ ಹಳೆಯ ಕಡಿತ ಈಗ ಗೊತ್ತಾದರೂ ತಡವಾಯಿತು ಅಂತ ಕೈಬಿಡಬೇಡಿ, ಇಂಜೆಕ್ಷನ್ ಶುರುಮಾಡಿ. ಲಕ್ಷಣ ಶುರುವಾದ ಮೇಲೆ ಮಾತ್ರ ಉಳಿಸುವ ಔಷಧಿ ಇಲ್ಲ.

ನಿಮ್ಮಲ್ಲೂ ಕೆಲವರು ಮೂರು ಸೂಜಿಗೆ ನಿಲ್ಲಿಸುತ್ತಾರೆ, ನೋಡುತ್ತಿರಿ. ಹಳಬರ ತಲೆಯಲ್ಲಿ ಹೊಕ್ಕಳ ಸುತ್ತ 14 ಇಂಜೆಕ್ಷನ್ ಅನ್ನುವುದು ಇನ್ನೂ ಕೂತಿದೆ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತುಹೋಯಿತು. ಈಗಿನದು ತೋಳಿಗೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಚರ್ಮದೊಳಗೆ ಎರಡೂ ತೋಳಿಗೆ ತಲಾ 0.1 ಮಿಲಿ ಕೊಡುತ್ತಾರೆ. 0, 3, 7, 28ನೇ ದಿನ. ನಿಮ್ಮವರಿಗೆ ಸೋಮವಾರ ಶುರುವಾಗಿದೆ, ಅಂದರೆ ಗುರುವಾರ, ಮುಂದಿನ ಸೋಮವಾರ, ಕೊನೆಗೆ ನಾಲ್ಕು ವಾರ ತುಂಬುವ ಸೋಮವಾರ. ಖಾಸಗಿಯಲ್ಲಿ ಸ್ನಾಯುವಿಗೆ ಹಾಕಿದರೆ ಐದು ಸಲ: 0, 3, 7, 14, 28. ಪಥ್ಯ ಏನೂ ಇಲ್ಲ. ಮಾಂಸ, ಬದನೆಕಾಯಿ, ಎಣ್ಣೆ ಸ್ನಾನ ಯಾವುದಕ್ಕೂ ತಡೆಯಿಲ್ಲ. ಪಥ್ಯದ ಭಯಕ್ಕೆ ಕೋರ್ಸ್ ಬಿಡುವವರಿದ್ದಾರೆ, ಅದಕ್ಕೇ ಹೇಳಿದೆ. ಗರ್ಭಿಣಿಯರೂ ಹಾಕಿಸಿಕೊಳ್ಳಬೇಕು. ಪೂರ್ತಿ ಕೋರ್ಸ್ ಮುಗಿಸಿದವರಿಗೆ ಮುಂದೆ ಮತ್ತೆ ಕಚ್ಚಿದರೆ 0 ಮತ್ತು 3ನೇ ದಿನ ಎರಡೇ ಸಲ ಸಾಕು, ಸೀರಂ ಬೇಡ. ಚೀಟಿಯನ್ನು ಆಧಾರ್ ಕಾರ್ಡ್ ಜೊತೆ ಇಟ್ಟುಕೊಳ್ಳಿ.

ಮುಂದೆ ಯಾರಿಗಾದರೂ ಕಚ್ಚಿದರೆ ಮೊದಲ ಕೆಲಸ ನಲ್ಲಿಯ ಕೆಳಗೆ. ಸೋಪು ಹಚ್ಚಿ ಹದಿನೈದು ನಿಮಿಷ, ಗಡಿಯಾರ ನೋಡಿಕೊಂಡು. ಈ ವೈರಸ್ಸಿನ ಮೇಲೆ ಕೊಬ್ಬಿನ ಪದರ ಇದೆ, ಸೋಪು ಅದನ್ನು ಕರಗಿಸುತ್ತದೆ. ಖಾರದಪುಡಿ, ಸುಣ್ಣ, ಅರಿಶಿನ, ಕಾಫಿಪುಡಿ, ಸೀಮೆಎಣ್ಣೆ ಯಾವುದೂ ಬೇಡ. ಗಾಯಕ್ಕೆ ತುಂಬಿದ ಖಾರದಪುಡಿಯನ್ನು ತೊಳೆದು ತೆಗೆಯುವ ಹೊತ್ತಿಗೆ ಮಗು ಅರ್ಧ ಜೀವ ಆಗಿರುತ್ತದೆ.

ಊರಿಗೆ ಏನು ಮಾಡಬಹುದು ಅಂತ ನೀವು ಕೇಳಿಲ್ಲ, ಆದರೂ. ಆ ನಾಯಿ ಹೋದ ದಾರಿಯಲ್ಲಿ ಬೇರೆ ನಾಯಿಗಳಿಗೂ ಕಚ್ಚಿರುತ್ತದೆ. ಈಗ ನೂರು ಜನ ಕೋಲು ಹಿಡಿದು ಹೊರಟರೆ ಆ ನಾಯಿಗಳು ಚದುರಿ ಪಕ್ಕದ ಬೀದಿ, ಪಕ್ಕದ ಹಳ್ಳಿ ಸೇರುತ್ತವೆ, ರೋಗವೂ ಜೊತೆಗೆ ಹೋಗುತ್ತದೆ. ಬದಲಿಗೆ ಪುರಸಭೆ ಮತ್ತು ಪಶು ಆಸ್ಪತ್ರೆಯನ್ನು ಒಟ್ಟಿಗೆ ಕೂರಿಸಿ, ನಾಯಿಗಳಿಗೆ ಲಸಿಕೆ ಹಾಕಿಸಿ. ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಹಾಕಿ, ವರ್ಷವರ್ಷವೂ ಬಿಡದೆ ಮುಂದುವರಿಸಿದರೆ ಸರಪಳಿ ಕಡಿಯುತ್ತದೆ. ಪಕ್ಕದ ಗೋವಾದಲ್ಲಿ ಹೀಗೇ ಮಾಡಿದರು. ಬಲೆ ಹಿಡಿದು ಬೀದಿ ಬೀದಿ ಸುತ್ತಿದರು. 2021ರಲ್ಲಿ ಗೋವಾ ಸರ್ಕಾರ, ಮೂರು ವರ್ಷದಿಂದ ಮನುಷ್ಯರಲ್ಲಿ ಒಂದೂ ರೇಬೀಸ್ ಪ್ರಕರಣ ಇಲ್ಲ ಅಂತ ಹೇಳಿತು. ನಮ್ಮ ಕರ್ನಾಟಕದಲ್ಲಿ 2022ರ ಕೊನೆಯಿಂದ ಮನುಷ್ಯರ ರೇಬೀಸ್ ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ಕಾಯಿಲೆ. ನಾಯಿಯ ರೇಬೀಸನ್ನೂ ಅಷ್ಟೇ ಗಂಭೀರವಾಗಿ ತಿಳಿಸುವ ಅಭ್ಯಾಸ ಊರೂರಲ್ಲಿ ಇನ್ನೂ ಬೆಳೆಯಬೇಕು.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವ ಕೆಲಸ ಇಷ್ಟು. ಮಗುವನ್ನು ಇವತ್ತು ಸೀರಂಗೆ ಕರೆದುಕೊಂಡು ಹೋಗಿ. ನಾಯಿಯನ್ನು ಹೂತವರನ್ನು ವಿಚಾರಿಸಿ. ಸಂತೆ ಮೈದಾನದ ಆಚೆಗಿನ ಹಳ್ಳಿಗಳ ಆಶಾ ಕಾರ್ಯಕರ್ತೆಯರಿಗೆ ಫೋನ್ ಮಾಡಿ, ಭಾನುವಾರ ಅಥವಾ ಸೋಮವಾರ ಬೆಳಗಿನ ಜಾವ ಅಲ್ಲಿ ಯಾರಿಗಾದರೂ, ಯಾವ ದನಕ್ಕಾದರೂ ನಾಯಿ ಕಚ್ಚಿದೆಯಾ ಅಂತ ಕೇಳಿ. ಶಾಲೆಯ ಮೇಷ್ಟ್ರಿಗೂ ಒಂದು ಮಾತು ಹೇಳಿ, ನಾಳೆ ಪ್ರಾರ್ಥನೆ ಹೊತ್ತಿಗೆ ಮಕ್ಕಳನ್ನು ಬೈಯದೆ ಕೇಳಲಿ.